ಒಂದೇ ತುಂಡಿನ ಕ್ಲೀನಿಂಗ್ ರಾಡ್ ಮತ್ತು ಬೋರ್ ಗೈಡ್: ಮೂರು ವರ್ಷ ಬಳಸಿದ ಮೇಲೆ

ಹೊಸ .308 ರೈಫಲ್ ಕೈಗೆ ಬಂದಾಗ ನಳಿಗೆ ಶುಚಿ ಮಾಡಲು ಮೂರು ತುಂಡು ಜೋಡಿಸುವ ಅಲ್ಯೂಮಿನಿಯಂ ರಾಡನ್ನೇ ನೆಚ್ಚಿಕೊಂಡಿದ್ದೆ. ಒತ್ತಿದರೆ ಅದು ಕೀಲಿನ ಬಳಿ ಬಾಗಿ ನಳಿಗೆಯ ಒಳಮೈಯನ್ನು ಉಜ್ಜುತ್ತಿತ್ತು. ಮೆದು ಲೋಹವಾದ್ದರಿಂದ ಮರಳಿನ ಕಣಗಳೂ ಅದರಲ್ಲಿ ಹೂತುಕೊಳ್ಳುತ್ತವೆ. ಗುಂಡನ್ನು ತಿರುಗಿಸುವ ಸುರುಳಿ ಗೀರುಗಳ ಆಳ ಸುಮಾರು 0.1 ಮಿಲಿಮೀಟರ್ ಅಷ್ಟೇ. ಅಲ್ಲಿ ಉಪ್ಪುಕಾಗದ ಆಡಿಸುವ ಧೈರ್ಯ ನನಗಿರಲಿಲ್ಲ.

ಆಮೇಲೆ ಕೊಂಡದ್ದು ಪ್ಲಾಸ್ಟಿಕ್ ಲೇಪನದ, ಒಂದೇ ತುಂಡಿನ ಉಕ್ಕಿನ ರಾಡ್. ಹಿಡಿಕೆಯಲ್ಲಿ ಬೇರಿಂಗ್ ಇರುವುದರಿಂದ ತುದಿಯ ಪ್ಯಾಚ್ (ಒರೆಸುವ ಬಟ್ಟೆ ಚೂರು) ಗೀರುಗಳ ಜಾಡು ಹಿಡಿದು ತಾನೇ ತಿರುಗುತ್ತದೆ. ರೈಫಲ್ ಖಾಲಿಯಿದೆಯೆಂದು ನೋಡಿಕೊಂಡು, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು, ಆ ಜಾಗದಲ್ಲಿ ರಾಡಿಗೆ ದಾರಿ ತೋರುವ ಕೊಳವೆಯಾದ ಬೋರ್ ಗೈಡ್ ಕೂರಿಸುತ್ತೇನೆ. ರಾಡ್ ನೇರವಾಗಿ ಹೋಗುತ್ತದೆ, ಕೊಳೆ ಕರಗಿಸುವ ದ್ರವ, ಅಂದರೆ ಸಾಲ್ವೆಂಟ್, ಟ್ರಿಗರ್‌ಗೆ ಇಳಿಯುವುದಿಲ್ಲ. ನಿಜ ಹೇಳಬೇಕೆಂದರೆ ರಾಡ್‌ಗಿಂತ ಈ ಕೊಳವೆಯೇ ಹೆಚ್ಚು ಉಪಕಾರಿ.

ಹೊಸ ನಳಿಗೆಯನ್ನು ಪಳಗಿಸಲು ಪ್ರತಿ ಗುಂಡಿನ ನಂತರವೂ ಶುಚಿ ಮಾಡಬೇಕೆನ್ನುವವರಿದ್ದಾರೆ, ಅದು ವ್ಯರ್ಥ ಸವೆತ ಎನ್ನುವವರೂ ಇದ್ದಾರೆ. ನಾನು ಮೊದಲ ಹತ್ತು ಗುಂಡಿಗೆ ಮಾಡಿದೆ. ಗುಂಡಿನ ಹೊದಿಕೆಯ ತಾಮ್ರ ನಳಿಗೆಗೆ ಅಂಟುವುದು ಕಡಿಮೆಯಾಯಿತು. ಮಾಡದಿದ್ದರೂ ಆಗುತ್ತಿತ್ತೇನೋ, ಹೋಲಿಸಿ ನೋಡೋಣವೆಂದರೆ ಇರುವುದು ಒಂದೇ ನಳಿಗೆ.

ನನ್ನನ್ನು ಸತಾಯಿಸಿದ್ದು ನೀಲಿ ಬಣ್ಣ. ಅಮೋನಿಯಾ ಇರುವ ಸಾಲ್ವೆಂಟ್ ತಾಮ್ರವನ್ನು ಕರಗಿಸಿದಾಗ ಪ್ಯಾಚ್ ನೀಲಿಯಾಗುತ್ತದೆ. ಒಂದು ಸಂಜೆ ಮೂವತ್ತು ಪ್ಯಾಚ್ ಎಳೆದರೂ ನೀಲಿ ಬಿಡಲೊಲ್ಲದು. ಕೊನೆಗೆ ಹೊಳೆಯಿತು: ಕರಗುತ್ತಿದ್ದದ್ದು ನನ್ನ ಕಂಚಿನ ಬ್ರಷ್! ಕಂಚಿನಲ್ಲೂ ತಾಮ್ರವೇ ತಾನೆ ಹೆಚ್ಚು? ಅಂದಿನಿಂದ ಆ ಸಾಲ್ವೆಂಟ್‌ಗೆ ನೈಲಾನ್ ಬ್ರಷ್. ಕಂಚಿನದು ಮಸಿ ಕೆರೆಯಲು ಮಾತ್ರ, ಅದನ್ನೂ ನಳಿಗೆಯೊಳಗೆ ಅರ್ಧದಲ್ಲಿ ಹಿಂದಕ್ಕೆಳೆಯುವುದಿಲ್ಲ. ಪ್ಯಾಚ್ ಹಿಡಿಯುವ ತುದಿಯೂ ಹಿತ್ತಾಳೆಯದಾಗಿದ್ದರೆ ಇದೇ ಮೋಸ ನಡೆಯುತ್ತದೆ.

ದೂರುಗಳೂ ಇವೆ. ಗೈಡಿನ ರಬ್ಬರ್ ಉಂಗುರ ಸಾಲ್ವೆಂಟ್ ಕುಡಿದು ಉಬ್ಬಿತು, ಎರಡು ಬಾರಿ ಬದಲಿಸಿದೆ. ಬೇರಿಂಗ್ ಎರಡನೇ ವರ್ಷ ಬಿಗಿಯಾಗಿ, ಒಂದು ಹನಿ ಎಣ್ಣೆಗೆ ಸಡಿಲವಾಯಿತು. ಪ್ರತಿ ಸಲ ರಾಡನ್ನು ಒರೆಸದಿದ್ದರೆ ಲೇಪನವಿದ್ದೂ ಪ್ರಯೋಜನವಿಲ್ಲ. ಇನ್ನು ಅದರ ಉದ್ದ! ಯಾವ ಬೀರುವಿನಲ್ಲೂ ಹಿಡಿಸದೆ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೇನೆ. ಪಕ್ಕದಲ್ಲೇ ಒಂದು ಚೀಟಿ: ‘ಗುಂಡು ಹಾರಿಸುವ ಮುನ್ನ ನಳಿಗೆಯ ಎಣ್ಣೆ ಒರೆಸು.’ ಒಮ್ಮೆ ಮರೆತಿದ್ದೆ, ಮೊದಲ ಗುಂಡು ಗುರಿಯ ಹತ್ತಿರವೂ ಸುಳಿಯಲಿಲ್ಲ.