ಥ್ಯಾಂಕ್ಸ್‌ಗಿವಿಂಗ್ ಕಾಲೇಜ್ ಫುಟ್‌ಬಾಲ್ ವೇಳಾಪಟ್ಟಿ: ಶುಕ್ರವಾರ ಫಸ್ಟ್ ಕ್ಲಾಸ್, ಶನಿವಾರ ಜಸ್ಟ್ ಪಾಸ್

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯವೆಂದರೆ ರೆಗ್ಯುಲರ್ ಸೀಸನ್ನಿನ ಕಡೇ ವಾರ, ಹಳೇ ಎದುರಾಳಿಗಳು ಮುಖಾಮುಖಿಯಾಗುವ ವಾರ. 2025ರ ನವೆಂಬರ್ 27ರಿಂದ 29ರವರೆಗಿನ ಮೂರು ದಿನಗಳನ್ನು ಕಾನ್ಫರೆನ್ಸ್‌ಗಳೂ (ಕಾಲೇಜ್ ತಂಡಗಳ ಒಕ್ಕೂಟಗಳು) ಟಿವಿ ಚಾನೆಲ್‌ಗಳೂ ಹಂಚಿಕೊಂಡ ರೀತಿಯ ವಿಮರ್ಶೆ ಇದು. ಸಮಯಗಳೆಲ್ಲ ಈಸ್ಟರ್ನ್ ಟೈಮ್‌ನಲ್ಲಿವೆ. ಭಾರತದಲ್ಲಿ ಕೂತು ನೋಡುವವರು ಹತ್ತೂವರೆ ಗಂಟೆ ಸೇರಿಸಿಕೊಳ್ಳಿ. ಶನಿವಾರ ಮಧ್ಯಾಹ್ನ 12ರ ಪಂದ್ಯ ನಮ್ಮಲ್ಲಿ ಅದೇ ರಾತ್ರಿ 10.30ಕ್ಕೆ, ಶುಕ್ರವಾರ ಸಂಜೆ 7.30ರದ್ದು ಶನಿವಾರ ಬೆಳಿಗ್ಗೆ 6ಕ್ಕೆ, ಕಾಫಿ ಹೊತ್ತಿಗೆ ಸರಿಯಾಗಿ.

ಗುರುವಾರದ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಹಬ್ಬದ ಆ ದಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನದು: ಅದರ ಡೆಟ್ರಾಯ್ಟ್ ತಂಡ 1934ರಿಂದ, ಡಲ್ಲಾಸ್ ತಂಡ 1966ರಿಂದ ಆಡುತ್ತಿವೆ. 2006ರಿಂದ ರಾತ್ರಿಯೂ ಒಂದು ಎನ್‌ಎಫ್‌ಎಲ್ ಪಂದ್ಯವಿದೆ. ಅದರೆದುರು 7.30ಕ್ಕೆ ನೇವಿ–ಮೆಂಫಿಸ್ ಪಂದ್ಯವೊಂದನ್ನೇ ಇಟ್ಟು ಕಾಲೇಜಿನವರು ಸುಮ್ಮನಾದರು. ಸರಿಯಾದ ನಿರ್ಧಾರ. ಮಿಸಿಸಿಪಿ ರಾಜ್ಯದ ಎರಡು ವಿಶ್ವವಿದ್ಯಾಲಯಗಳ ನಡುವಿನ ಎಗ್ ಬೌಲ್ ಪಂದ್ಯವನ್ನು ಗುರುವಾರ ರಾತ್ರಿ ಆಡಿಸುತ್ತಿದ್ದ ಪದ್ಧತಿಯನ್ನು 2024ರಿಂದ ಬಿಟ್ಟು ಶುಕ್ರವಾರಕ್ಕೆ ತಂದದ್ದೂ ಒಳ್ಳೆಯದೇ ಆಯಿತು. ಹಬ್ಬದೂಟ ಅರ್ಧಕ್ಕೆ ಬಿಟ್ಟು ಸ್ಟೇಡಿಯಂಗೆ ಓಡುವ ಗೋಳು ತಪ್ಪಿತು.

ಈ ಪಟ್ಟಿಯ ಜೀವಾಳ ಶುಕ್ರವಾರ. ಅದರ ಹಿಂದೆ ಒಂದು ಕಾನೂನಿನ ಆಸರೆಯೂ ಇದೆ. ಸೆಪ್ಟೆಂಬರ್ ಎರಡನೇ ಶುಕ್ರವಾರದಿಂದ ಡಿಸೆಂಬರ್ ಎರಡನೇ ಶನಿವಾರದವರೆಗೆ, ಶುಕ್ರವಾರ ಸಂಜೆ 6ರ ನಂತರ ಮತ್ತು ಶನಿವಾರ ಇಡೀ ದಿನ ಎನ್‌ಎಫ್‌ಎಲ್ ತನ್ನ ಪಂದ್ಯ ಪ್ರಸಾರ ಮಾಡಿದರೆ, ತಂಡಗಳ ಪ್ರಸಾರ ಹಕ್ಕುಗಳನ್ನು ಒಟ್ಟಾಗಿ ಮಾರಲು 1961ರ ಕ್ರೀಡಾ ಪ್ರಸಾರ ಕಾಯ್ದೆ ಕೊಟ್ಟಿರುವ ವಿನಾಯಿತಿಗೆ ಕುತ್ತು ಬರುತ್ತದೆ. ಶಾಲೆ, ಕಾಲೇಜುಗಳ ಪಂದ್ಯ ಉಳಿಯಲಿ ಎಂದೇ ಹಾಕಿದ ಷರತ್ತು ಅದು. 2023ರಲ್ಲಿ ಶುರುವಾದ ಅಮೆಜಾನ್‌ನ ಬ್ಲ್ಯಾಕ್ ಫ್ರೈಡೇ (ಹಬ್ಬದ ಮರುದಿನದ) ಎನ್‌ಎಫ್‌ಎಲ್ ಪಂದ್ಯ ಮಧ್ಯಾಹ್ನ 3ಕ್ಕೇ ಆರಂಭವಾಗುವುದು ಇದೇ ಕಾರಣಕ್ಕೆ. ಸಂಜೆ ಪೂರ್ತಿ ಕಾಲೇಜಿನವರ ಪಾಲು.

2025ರಲ್ಲಿ ಅದನ್ನು ಚೆನ್ನಾಗಿಯೇ ಬಳಸಿಕೊಂಡರು. 12ಕ್ಕೆ ಎಬಿಸಿಯಲ್ಲಿ ಎಗ್ ಬೌಲ್, ಸಿಬಿಎಸ್‌ನಲ್ಲಿ ಅಯೋವಾ–ನೆಬ್ರಾಸ್ಕಾ, 3.30ಕ್ಕೆ ಜಾರ್ಜಿಯಾ–ಜಾರ್ಜಿಯಾ ಟೆಕ್, 7.30ಕ್ಕೆ ಟೆಕ್ಸಾಸ್–ಟೆಕ್ಸಾಸ್ ಎ ಅಂಡ್ ಎಂ. 9ಕ್ಕೆ ಅರಿಜೋನಾದ ಎರಡು ತಂಡಗಳು. ಒಂದು ಪಂದ್ಯಕ್ಕೆ ಸುಮಾರು ಮೂರೂವರೆ ಗಂಟೆ ಬೇಕು, ಹಾಗಾಗಿ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಎಡವಿದ್ದು ಒಂದೇ ಕಡೆ. ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದ ಎ ಅಂಡ್ ಎಂ ಮತ್ತು ಇಂಡಿಯಾನಾ ಎರಡೂ 7.30ಕ್ಕೇ ಬೇರೆ ಬೇರೆ ಚಾನೆಲ್‌ನಲ್ಲಿ ಕಣಕ್ಕಿಳಿದವು. ಇಂಡಿಯಾನಾ–ಪರ್ಡ್ಯೂ ಪಂದ್ಯವನ್ನು 4ಕ್ಕೆ ತಂದಿದ್ದರೆ ಗಂಟೇನು ಹೋಗುತ್ತಿತ್ತು?

ಇನ್ನು ತಂಡಗಳ ವಿಶ್ರಾಂತಿ. ಪಟ್ಟಿ ಮೇಲುನೋಟಕ್ಕೆ ಎಷ್ಟೇ ಅಂದವಾಗಿದ್ದರೂ ಅದರ ನಿಜಬಣ್ಣ ತಿಳಿಯುವುದು ಇಲ್ಲಿ. ಎಗ್ ಬೌಲ್ ಆಡಿದ ಎರಡೂ ತಂಡಗಳಿಗೆ ಹಿಂದಿನ ಶನಿವಾರ, ಅಂದರೆ ನವೆಂಬರ್ 22ರಂದು, ಬಿಡುವಿತ್ತು. ಇಂಡಿಯಾನಾ, ಪರ್ಡ್ಯೂಗೂ ಅಷ್ಟೇ. 15ರಂದು ಆಡಿದವರು ಮತ್ತೆ ಅಂಕಣಕ್ಕಿಳಿದದ್ದು 28ಕ್ಕೆ. ಶುಕ್ರವಾರದ ಪಂದ್ಯ ಹೀಗೇ ಇರಬೇಕು. ನೆಬ್ರಾಸ್ಕಾದ ಪಾಡು ನೋಡಿ: 22ರ ರಾತ್ರಿ 7ಕ್ಕೆ ಪೆನ್ ಸ್ಟೇಟ್‌ನಲ್ಲಿ ಪಂದ್ಯ. ಅದು ಮುಗಿದು, ವಿಮಾನ ಹತ್ತಿ ತನ್ನೂರು ಲಿಂಕನ್ ತಲುಪುವಾಗ ಭಾನುವಾರ ಕಾಲಿಟ್ಟಿರುತ್ತದೆ. ಮುಂದಿನ ಪಂದ್ಯ ಶುಕ್ರವಾರ, ಸ್ಥಳೀಯ ಕಾಲಮಾನ ಬೆಳಿಗ್ಗೆ 11ಕ್ಕೆ. ನಡುವೆ ಉಳಿದದ್ದು ಐದೂವರೆ ದಿನ. ಮಾಮೂಲಿ ವಾರದಲ್ಲಿ ಭಾನುವಾರ ಮೈಕೈ ನೋವಿನ ಆರೈಕೆ, ಸೋಮವಾರ ವಿಡಿಯೋ, ಮಂಗಳವಾರ–ಬುಧವಾರ ಮೈಮುಟ್ಟಿ ಅಭ್ಯಾಸ, ಗುರುವಾರ ಹಗುರ ತಾಲೀಮು ಎಂಬ ಲೆಕ್ಕವಿರುತ್ತದೆ. ಶುಕ್ರವಾರ ಪಂದ್ಯವಿದ್ದರೆ ಅದರಲ್ಲಿ ಒಂದು ದಿನ ಪೂರಾ ಹೋಯಿತು, ಹೋಗುವುದು ಸಾಮಾನ್ಯವಾಗಿ ಅಭ್ಯಾಸದ ದಿನವೇ. ತವರಿನಲ್ಲೇ ಅಯೋವಾ ಎದುರು 40–16ರಿಂದ ಸೋತದ್ದಕ್ಕೆ ಇದೊಂದೇ ಕಾರಣ ಎಂದರೆ ತಪ್ಪಾದೀತು. ಅಯೋವಾವೂ 22ರಂದು ಆಡಿತ್ತು. ಆದರೆ ಅದು ಆಡಿದ್ದು ತನ್ನೂರಿನಲ್ಲಿ, ಮಧ್ಯಾಹ್ನ. ಶುಕ್ರವಾರ ಆಡಬೇಕಾದ ತಂಡಕ್ಕೆ ಹಿಂದಿನ ಶನಿವಾರ ಪರಊರಿನಲ್ಲಿ ರಾತ್ರಿ ಪಂದ್ಯ ಕೊಡಬಾರದು ಎಂಬ ಒಂದು ಸಾಲಿನ ನಿಯಮ ಸಾಕು. ಅದನ್ನು ಬರೆಯಲು ಕೈ ಬಾರದಿರುವುದು ರಾತ್ರಿ ಪ್ರಸಾರದ ದುಡ್ಡಿನಿಂದ.

ಶನಿವಾರಕ್ಕೆ ಬಂದರೆ ಮಿಷಿಗನ್–ಒಹಾಯೋ ಸ್ಟೇಟ್ 12ಕ್ಕೆ ಫಾಕ್ಸ್‌ನಲ್ಲಿ. ಅದನ್ನು ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. (2009ರವರೆಗೆ ಈ ಎರಡು ತಂಡಗಳ ಕಾನ್ಫರೆನ್ಸ್ ಬಿಗ್ ಟೆನ್ ಸಾಮಾನ್ಯವಾಗಿ ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲೇ ಬಾಗಿಲು ಹಾಕುತ್ತಿತ್ತು, ಈ ಪಂದ್ಯ ಹಬ್ಬದ ನಂತರದ ಶನಿವಾರಕ್ಕೆ ಬಂದದ್ದು 2010ರಲ್ಲಿ.) ಆದರೆ ಪ್ಲೇಆಫ್‌ಗೆ (ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಹಂತಕ್ಕೆ) ಹೋಗುವ ಆಸೆಯಿದ್ದ ಮಯಾಮಿ ಮತ್ತು ಟೆಕ್ಸಾಸ್ ಟೆಕ್ ತಂಡಗಳನ್ನೂ ಅದೇ 12ಕ್ಕೆ ಆಡಿಸಿದರು. 3.30ಕ್ಕೆ ಒರೆಗನ್, ಒಕ್ಲಹೋಮಾ, ವ್ಯಾಂಡರ್‌ಬಿಲ್ಟ್ ಮೂರೂ ಒಟ್ಟಿಗೆ. ಸಂಜೆ 7.30ರ ದೊಡ್ಡ ಪಂದ್ಯ ಅಲಬಾಮಾ–ಆಬರ್ನ್. ಹತ್ತೂವರೆಗೆ ನೋತ್ರ್ ಡೇಮ್ ಸ್ಟ್ಯಾನ್‌ಫರ್ಡ್‌ನಲ್ಲಿ ಆಡಲು ಇಳಿಯುವಾಗ ಪೂರ್ವ ಕರಾವಳಿಯ ಅರ್ಧ ಜನ ನಿದ್ದೆಯಲ್ಲಿದ್ದರು. ಹನ್ನೆರಡು ತಂಡಗಳ ಪ್ಲೇಆಫ್ ಬಂದಮೇಲೆ ಕಡೇ ವಾರದ ಹತ್ತಾರು ಪಂದ್ಯಗಳಿಗೆ ಬೆಲೆ ಬಂದಿದೆ. ಹಾಗಿದ್ದೂ ಒಂದೊಂದು ಚಾನೆಲ್ ತನ್ನ ಪಾಲಿನ ಪಂದ್ಯಗಳನ್ನು ಮಾತ್ರ ನೋಡಿಕೊಂಡು ಪಟ್ಟಿ ಹಾಕುತ್ತದೆ, ಇಡೀ ದಿನದ ಲೆಕ್ಕ ಯಾರೂ ಇಡುವುದಿಲ್ಲ.

ಟಿಕೆಟ್ ಕೊಳ್ಳುವವರಿಗೆ ಶನಿವಾರದ ಬಹುಪಾಲು ಪಂದ್ಯಗಳು ತಲೆನೋವು. ಸಮಯ ಗೊತ್ತಾಗುವುದು ಸಾಮಾನ್ಯವಾಗಿ 12 ದಿನ ಮುಂಚೆ. ಚಾನೆಲ್‌ನವರು ಕಾದು ನೋಡೋಣ ಎಂದರೆ 6 ದಿನ ಮುಂಚೆ. ಅಷ್ಟರಲ್ಲಿ ವಿಮಾನದ ದರ ಗಗನಕ್ಕೇರಿರುತ್ತದೆ. ರಾತ್ರಿ ಪಂದ್ಯವಾದರೆ ಭಾನುವಾರವೇ ಹೊರಡಬೇಕು. ಥ್ಯಾಂಕ್ಸ್‌ಗಿವಿಂಗ್ ನಂತರದ ಭಾನುವಾರ ಎಂದರೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಜಾತ್ರೆ. ಶುಕ್ರವಾರದ ಪಂದ್ಯಗಳ ದಿನ ಸಾಮಾನ್ಯವಾಗಿ ಸೀಸನ್ ಶುರುವಾಗುವ ಮೊದಲೇ ಗೊತ್ತಾಗುತ್ತದೆ. ನೋಡಿಕೊಂಡು ಶನಿವಾರ ಮನೆ ಸೇರಬಹುದು. ಸಣ್ಣ ಕಾಲೇಜು ಊರುಗಳ ಹೋಟೆಲ್‌ಗಳು ಎರಡು ರಾತ್ರಿ ಕಡ್ಡಾಯ ಎನ್ನುವುದುಂಟು, ಬುಕ್ ಮಾಡುವ ಮುನ್ನ ಕೇಳಿ. ರಜೆಗೆ ವಿದ್ಯಾರ್ಥಿಗಳು ಊರಿಗೆ ಹೋಗಿರುವುದರಿಂದ ಅವರ ಸ್ಟ್ಯಾಂಡ್ ಕೆಲವು ಕಡೆ ಖಾಲಿ ಹೊಡೆಯುತ್ತದೆ. ಮರುಮಾರಾಟದ ಟಿಕೆಟ್ ಕೊನೇ ಎರಡು ದಿನ ಇಳಿಯುವುದು ಇಂಥ ಕಡೆಯೇ. ಮಿಷಿಗನ್–ಒಹಾಯೋ ಸ್ಟೇಟ್‌ಗೆ ಆ ಆಸೆ ಇಟ್ಟುಕೊಳ್ಳಬೇಡಿ.

ಟಿವಿಯಲ್ಲಿ ನೋಡುವವರು ಆ್ಯಪ್‌ಗಳಿಗೆ ಸುರಿಯುವ ಮೊದಲು ಒಂದು ಆಂಟೆನಾ ಕೊಳ್ಳಿ. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ನಾಲ್ಕೂ ಸಿಗ್ನಲ್ ಇರುವ ಕಡೆ ಪುಕ್ಕಟೆ; ಮೇಲೆ ಹೆಸರಿಸಿದ ದೊಡ್ಡ ಪಂದ್ಯಗಳಲ್ಲಿ ಬಹುಪಾಲು ಅವುಗಳಲ್ಲೇ ಇದ್ದವು. ಆಂಟೆನಾ ಹಿಡಿಯದ ಅಪಾರ್ಟ್‌ಮೆಂಟ್ ಆದರೆ 2025ರ ದರದಲ್ಲಿ ಇಎಸ್‌ಪಿಎನ್ ಅನ್‌ಲಿಮಿಟೆಡ್ ತಿಂಗಳಿಗೆ 29.99 ಡಾಲರ್, ಫಾಕ್ಸ್ ಒನ್ 19.99, ಎರಡೂ ಸೇರಿ 39.99. ಎನ್‌ಬಿಸಿಗೆ ಪೀಕಾಕ್, ಸಿಬಿಎಸ್‌ಗೆ ಪ್ಯಾರಾಮೌಂಟ್ ಪ್ಲಸ್ ಬೇರೆಯೇ ಬೇಕು. ನವೆಂಬರ್ ಮಧ್ಯದಲ್ಲಿ ಒಂದು ತಿಂಗಳಿಗೆ ತೆಗೆದುಕೊಂಡರೆ ಡಿಸೆಂಬರ್ ಮೊದಲ ವಾರದ ಕಾನ್ಫರೆನ್ಸ್ ಫೈನಲ್‌ಗಳೂ ಅದರಲ್ಲೇ ಮುಗಿಯುತ್ತವೆ.

ಅಂಕ ಕೊಡುವುದಾದರೆ ಐದಕ್ಕೆ ಶುಕ್ರವಾರಕ್ಕೆ ನಾಲ್ಕು, ಶನಿವಾರಕ್ಕೆ ಎರಡು. ಆದರೆ ಶುಕ್ರವಾರದ ನಾಲ್ಕರಲ್ಲಿ ಒಂದು ಕ್ಯಾಲೆಂಡರ್ ಕೊಟ್ಟ ಗ್ರೇಸ್ ಮಾರ್ಕ್. ಥ್ಯಾಂಕ್ಸ್‌ಗಿವಿಂಗ್ 27 ಅಥವಾ 28ಕ್ಕೆ ಬಿದ್ದ ವರ್ಷ ಮಾತ್ರ ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರ) ವಾರಾಂತ್ಯದಿಂದ ಇಲ್ಲಿಯವರೆಗೆ 14 ಶನಿವಾರ ಸಿಗುತ್ತವೆ; ಒಂದು ತಂಡದ 12 ಪಂದ್ಯ ಕಳೆದು ಎರಡು ವಾರ ಬಿಡುವು. 2013, 2014, 2019, 2024, 2025 ಅಂಥ ವರ್ಷಗಳು. 2026ರಲ್ಲಿ ಹಬ್ಬ ನವೆಂಬರ್ 26ಕ್ಕೆ, ಶನಿವಾರಗಳು 13, ಬಿಡುವು ಒಂದೇ. ಆ ಒಂದನ್ನು ನವೆಂಬರ್ 21ರವರೆಗೆ ಕಾದಿಡಲು ಕೋಚ್‌ಗಳು ಒಪ್ಪುವುದು ಕಷ್ಟ. 2026ರ ಶುಕ್ರವಾರದ ಟಿಕೆಟ್‌ಗೆ ಕೈಹಾಕುವ ಮುಂಚೆ ನಿಮ್ಮ ತಂಡ 21ರಂದು ಎಲ್ಲಿ, ಯಾರ ಮೇಲೆ ಆಡುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ.