ಯುರೋಪಿಗೆ ಒಂದೇ ಸೇನೆಯೋ, ನ್ಯಾಟೋ ಅಡಿಯ ಬೇರೆ ಬೇರೆ ಸೇನೆಗಳೋ?

ಖರ್ಚಿನ ಲೆಕ್ಕದಲ್ಲಿ ಜಂಟಿ ಸೇನೆಯೇ ಮೇಲು. ಈಗ ಜರ್ಮನಿಯದು ಲೆಪರ್ಡ್ ಟ್ಯಾಂಕು, ಫ್ರಾನ್ಸಿನದು ಲೆಕ್ಲೆರ್ಕ್, ಇಟಲಿಯದು ಅರಿಯೆಟೆ. ಬಿಡಿಭಾಗ, ರಿಪೇರಿ, ತರಬೇತಿ ಎಲ್ಲವೂ ಬೇರೆ ಬೇರೆ.

ತೊಡಕಿರುವುದು ಅಪ್ಪಣೆ ಕೊಡುವವರು ಯಾರು ಎಂಬಲ್ಲಿ. ತಲಾ ಸುಮಾರು 1,500 ಯೋಧರ ಐರೋಪ್ಯ ಒಕ್ಕೂಟದ ಬ್ಯಾಟಲ್‌ಗ್ರೂಪ್ ಎಂಬ ತುರ್ತು ಪಡೆಗಳು 2007ರಲ್ಲೇ ಪೂರ್ತಿ ಸಜ್ಜಾದವು. ಆದರೆ ಒಮ್ಮೆಯೂ ಕಣಕ್ಕಿಳಿಯಲಿಲ್ಲ. ಎಲ್ಲ ಸದಸ್ಯ ದೇಶಗಳೂ ಒಪ್ಪಬೇಕು, ಪಡೆ ಕಳಿಸಿದ ದೇಶವೇ ಬಹುಪಾಲು ಖರ್ಚು ಹೊರಬೇಕು, ಜರ್ಮನ್ ಯೋಧರಿದ್ದರೆ ಅಲ್ಲಿನ ಸಂಸತ್ತೂ ಹೂಂ ಅನ್ನಬೇಕು. 1954ರಲ್ಲಿ ಜಂಟಿ ಸೇನೆಯ ಒಪ್ಪಂದವನ್ನು ಮುಳುಗಿಸಿದ್ದು, ಅದನ್ನು ಮುಂದಿಟ್ಟಿದ್ದ ಫ್ರಾನ್ಸೇ!

ನಾಳೆಯೇ ಗಡಿಯಲ್ಲಿ ಗುಂಡು ಹಾರಿದರೆ ನ್ಯಾಟೋವೇ ಗತಿ. ಅಲ್ಲಿ ಕಮಾಂಡ್ ವ್ಯವಸ್ಥೆ ಸಿದ್ಧವಿದೆ. ಆದರೆ ಉಪಗ್ರಹ ಮಾಹಿತಿ, ಭಾರೀ ಸಾಗಣೆ ವಿಮಾನ, ಹಾರುತ್ತಿರುವಾಗಲೇ ಇಂಧನ ತುಂಬುವ ಟ್ಯಾಂಕರ್, ಇವುಗಳಿಗೆಲ್ಲ ಹೆಚ್ಚಾಗಿ ಅಮೆರಿಕದ ಮುಖ ನೋಡಬೇಕು.