ಜರ್ಮನ್ ವ್ಯಾಕರಣಕ್ಕೆ ‘ಅಂಕಿ’ ಆ್ಯಪ್: ಕಾರ್ಡಿನ ಮುಂದುಗಡೆ ಕನ್ನಡ ಇದ್ದರೆ ಮಾತ್ರ

ಬಳಸಿದ್ದು: ಅಂಕಿಡ್ರಾಯ್ಡ್, ಆಂಡ್ರಾಯ್ಡ್ ಫೋನಿನಲ್ಲಿ, ಹದಿನಾಲ್ಕು ತಿಂಗಳು. ಮಟ್ಟ: ಎ1 ಆರಂಭದಿಂದ ಎ2 ಮುಗಿಯುವ ತನಕ, ಅಂದರೆ ಭಾಷೆ ಕಲಿಕೆಯ ಮೊದಲ ಎರಡು ಹಂತ. ಊರು: ಕುಮಟಾ. ಅಂಕ: 5ಕ್ಕೆ 4, ಬೇರೆಯವರು ಮಾಡಿಟ್ಟ ಕಾರ್ಡುಗಳ ಕಟ್ಟನ್ನು (ರೆಡಿಮೇಡ್ ಡೆಕ್) ಇಳಿಸಿಕೊಂಡು ಓದುವವರಿಗಾದರೆ 2.

ಹೆಸರು ಜಪಾನಿ ಭಾಷೆಯದು, ಅರ್ಥ ಕಂಠಪಾಠ. ನಮ್ಮ ಅಂಕಿಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. 2006ರಿಂದ ಇರುವ ಸಾಫ್ಟ್‌ವೇರ್. ಕಂಪ್ಯೂಟರಿಗೂ ಆಂಡ್ರಾಯ್ಡ್‌ಗೂ ಉಚಿತ, ಐಫೋನಿಗೆ ಮಾತ್ರ ಒಮ್ಮೆ ಹಣ ಕೊಡಬೇಕು. ಇದೇ ಹೆಸರನ್ನು ಹೋಲುವ ಬೇರೆ ಆ್ಯಪ್‌ಗಳೂ ಸ್ಟೋರಿನಲ್ಲಿವೆ, ಇಳಿಸುವಾಗ ನೋಡಿಕೊಳ್ಳಿ. ಕೆಲಸ ಇಷ್ಟೇ: ನೀವು ಕಾರ್ಡಿನ ಮುಂದುಗಡೆ ಪ್ರಶ್ನೆ, ಹಿಂದುಗಡೆ ಉತ್ತರ ಬರೆದಿಟ್ಟರೆ, ಮರೆಯುವ ಹೊತ್ತಿಗೆ ಸರಿಯಾಗಿ ಅದನ್ನು ಮತ್ತೆ ಕೇಳುತ್ತದೆ. ಪಾಠ ಮಾಡುವುದಿಲ್ಲ. ಪಾಠಕ್ಕೆ ಪುಸ್ತಕವೋ ಕ್ಲಾಸೋ ಬೇರೆ ಬೇಕೇ ಬೇಕು.

ರೆಡಿಮೇಡ್ ಡೆಕ್‌ಗೆ 2 ಅಂಕ ಯಾಕೆಂದರೆ ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ನಿಂದ ಜರ್ಮನ್‌ಗೆ ಹೋಗುವವರಿಗಾಗಿ ಮಾಡಿದವು. ಇಂಗ್ಲಿಷ್‌ನಲ್ಲಿ ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಹೆಚ್ಚುಕಡಿಮೆ ಇಲ್ಲ. ನಮ್ಮಲ್ಲಿ ಇದೆ, ಅದೂ ಶಾಲೆಯಲ್ಲಿ ರಾಗವಾಗಿ ಬಾಯಿಪಾಠ ಮಾಡಿಸಿದ್ದು. ಹಾಗಾಗಿ ಕನ್ನಡದವರು ಸಿಕ್ಕಿಬೀಳುವ ಜಾಗವೇ ಬೇರೆ, ಸಲೀಸಾಗಿ ದಾಟುವ ಜಾಗವೂ ಬೇರೆ.

ಸಲೀಸಾದದ್ದು ಮೊದಲು. ‘ಮೀರ್ ಇಸ್ಟ್ ಕಾಲ್ಟ್’ ಅಂದರೆ ‘ನನಗೆ ಚಳಿ’. ಅಲ್ಲಿ ಡೇಟಿವ್, ಇಲ್ಲಿ ಚತುರ್ಥಿ, ಪದಕ್ಕೆ ಪದ ಕೂರುತ್ತದೆ. ‘ಇಶ್ ಹೆಲ್ಫೆ ಡೀರ್’ ಅಂದರೆ ‘ನಿನಗೆ ಸಹಾಯ ಮಾಡ್ತೇನೆ’. ‘ಇಶ್ ಫ್ರಾಗೆ ಡಿಶ್’ ಅಂದರೆ ‘ನಿನ್ನನ್ನು ಕೇಳ್ತೇನೆ’. ಇಂಗ್ಲಿಷ್ ಮೂಲದ ಡೆಕ್‌ಗಳು ಇಂಥ ಕ್ರಿಯಾಪದಗಳಿಗೆ ಕಾರ್ಡಿನ ಮೇಲೆ ಕಾರ್ಡು ಸುರಿಯುತ್ತವೆ. ನಮಗೆ ಅಷ್ಟೊಂದು ಬೇಡ.

ಬೇಕಾದದ್ದು ಹೊಂದಿಕೆ ತಪ್ಪುವ ಕಡೆ. ‘ನಿನಗೆ ಫೋನ್ ಮಾಡ್ತೇನೆ’ ಎಂಬುದು ಜರ್ಮನ್‌ನಲ್ಲಿ ‘ಇಶ್ ರೂಫೆ ಡಿಶ್ ಆನ್’, ಅಂದರೆ ದ್ವಿತೀಯೆ. ನಾಲಗೆಯ ಮೇಲೆ ‘ಗೆ’ ಇರುವುದರಿಂದ ಬಾಯಿಗೆ ‘ಡೀರ್’ ಬಂದುಬಿಡುತ್ತದೆ. ‘ನನಗೆ ಒಬ್ಬ ಅಣ್ಣ ಇದ್ದಾನೆ’ ಅನ್ನುವಾಗ ನಮ್ಮ ಅಣ್ಣ ಪ್ರಥಮೆಯಲ್ಲಿರುತ್ತಾನೆ. ಅವರದು ‘ಇಶ್ ಹಾಬೆ ಐನೆನ್ ಬ್ರೂಡರ್’, ಅಲ್ಲಿ ಅಣ್ಣ ದ್ವಿತೀಯೆ. ‘ಮೀನು ತಗೊಳ್ತೇನೆ’ ಇನ್ನೂ ಮೋಸದ್ದು. ನಾವು ‘ಮೀನನ್ನು’ ಅನ್ನುವುದು ಬರೆಯುವಾಗ ಮಾತ್ರ, ಅಂಕೋಲಾ ಮೀನುಪೇಟೆಯಲ್ಲಿ ಯಾರೂ ‘ಅನ್ನು’ ಹಚ್ಚುವುದಿಲ್ಲ. ಜರ್ಮನ್‌ನಲ್ಲಿ ಬಿಡುವಂತಿಲ್ಲ: ಡೇರ್ ಫಿಶ್ ಹೋಗಿ ‘ಇಶ್ ಕೌಫೆ ಡೇನ್ ಫಿಶ್’ ಆಗಲೇಬೇಕು. ಇಂಥವಕ್ಕೆ ಕಾರ್ಡಿನ ಮುಂದುಗಡೆ ಬರೆಯಬೇಕಾದ್ದು ಆಡುಮಾತಿನ ಕನ್ನಡ. ‘ಮೀನನ್ನು ಕೊಳ್ಳುತ್ತೇನೆ’ ಅಂತ ಪುಸ್ತಕದ ಕನ್ನಡ ಬರೆದರೆ ಉತ್ತರ ಅಲ್ಲೇ ಬಯಲು, ತಾಲೀಮು ದಂಡ.

ದೊಡ್ಡ ಹೊಂಡ ಇರುವುದು ಎರಡು ವಿಭಕ್ತಿ ಹಿಡಿಯುವ ಒಂಬತ್ತು ಪ್ರಿಪೊಸಿಷನ್‌ಗಳಲ್ಲಿ (ನಾಮಪದದ ಮುಂದೆ ಬರುವ ‘ಮೇಲೆ’, ‘ಒಳಗೆ’ಯಂಥ ಪದಗಳು): ಇನ್, ಆನ್, ಔಫ್, ಉಂಟರ್, ಫೋರ್ ಮುಂತಾದವು. ಚಲನೆ ಒಂದು ಜಾಗದ ಕಡೆಗಾದರೆ ಅಕ್ಯುಸೇಟಿವ್ (ದ್ವಿತೀಯೆ), ಇದ್ದಲ್ಲೇ ಇದ್ದರೆ ಡೇಟಿವ್. ‘ಪೇಟೆಗೆ’ ಅಂದರೆ ‘ಇನ್ ಡೀ ಷ್ಟಾಟ್’, ‘ಪೇಟೆಯಲ್ಲಿ’ ಅಂದರೆ ‘ಇನ್ ಡೇರ್ ಷ್ಟಾಟ್’. ನಮ್ಮ ಲೆಕ್ಕಕ್ಕೆ ಇದು ಪೂರ್ತಿ ಉಲ್ಟಾ: ‘ಗೆ’ ಇದ್ದಲ್ಲಿ ಚತುರ್ಥಿ, ಚತುರ್ಥಿ ಅಂದರೆ ಡೇಟಿವ್ ಎಂದು ಮನಸ್ಸು ಜೋಡಿಸಿಬಿಡುತ್ತದೆ. ಮೇಲೆ ‘ನನಗೆ’ಯಲ್ಲಿ ಕಾಪಾಡಿದ ಅದೇ ಜೋಡಣೆ ಇಲ್ಲಿ ಕೈಕೊಡುತ್ತದೆ. ‘ಮೇಲೆ’ ಶಬ್ದದ ಕಥೆ ಇನ್ನೊಂದು: ‘ಮೇಜಿನ ಮೇಲೆ ಇಡು’, ‘ಮೇಜಿನ ಮೇಲೆ ಇದೆ’ ಎರಡಕ್ಕೂ ನಮಗೆ ಒಂದೇ ರೂಪ, ಅವರಿಗೆ ‘ಔಫ್ ಡೇನ್ ಟಿಶ್’ ಮತ್ತು ‘ಔಫ್ ಡೇಮ್ ಟಿಶ್’. ಹದಿನಾಲ್ಕು ತಿಂಗಳಲ್ಲಿ ಅತಿ ಹೆಚ್ಚು ಸಲ ತಪ್ಪಿದ ಕಾರ್ಡುಗಳು ಈ ಗುಂಪಿನವೇ.

ಇವಕ್ಕೆ ಕೆಲಸ ಮಾಡಿದ ಕ್ರಮ: ಜೋಡಿ ಕಾರ್ಡು. ಒಂದರಲ್ಲಿ ‘ಲಾರಿ ಸೇತುವೆ ಮೇಲೆ ಹತ್ತಿತು’, ಇನ್ನೊಂದರಲ್ಲಿ ‘ಲಾರಿ ಸೇತುವೆ ಮೇಲೆ ನಿಂತಿದೆ’. ವಾಕ್ಯ ಪೂರ್ತಿ ಇಟ್ಟು ಆರ್ಟಿಕಲ್ (ನಾಮಪದದ ಮುಂದಿನ ಡೇರ್, ಡೇನ್‌ನಂಥ ಪದ) ಒಂದನ್ನೇ ಮುಚ್ಚುವ ‘ಕ್ಲೋಝ್’ ಮಾದರಿ ಬಳಸಿ. ಹಿಂದುಗಡೆ ‘ಎಲ್ಲಿಗೆ? ಅಕ್ಯುಸೇಟಿವ್’ ಅಥವಾ ‘ಎಲ್ಲಿ? ಡೇಟಿವ್’ ಎಂದು ಒಂದು ಸಾಲು ಸಾಕು. ಹದಿನಾರು ಮನೆಯ ಆರ್ಟಿಕಲ್ ಕೋಷ್ಟಕವನ್ನು ಒಂದೇ ಕಾರ್ಡಿನಲ್ಲಿ ತುರುಕಬೇಡಿ. ಹದಿನಾರು ಮನೆಯಲ್ಲಿ ಇರುವುದು ಡೇರ್, ಡೀ, ಡಾಸ್, ಡೇನ್, ಡೇಮ್, ಡೆಸ್ ಎಂಬ ಆರೇ ರೂಪ. ಕೋಷ್ಟಕ ಹೇಳಲು ಬಂದವರಿಗೆ ವಾಕ್ಯ ಬರುತ್ತದೆ ಅಂತೇನಿಲ್ಲ.

ಲಿಂಗದ ವಿಚಾರದಲ್ಲಿ ನಮ್ಮ ಜಿಲ್ಲೆಗೆ ಒಂದು ಲಾಭವಿದೆ. ಕನ್ನಡದಲ್ಲಿ ವಸ್ತುವೆಲ್ಲ ನಪುಂಸಕ. ಆದರೆ ಕಾರವಾರ ಕಡೆಯ ಕೊಂಕಣಿಯಲ್ಲಿ ನಿರ್ಜೀವ ವಸ್ತುವಿಗೂ ಮೂರು ಲಿಂಗ. ಮನೆಮಾತು ಕೊಂಕಣಿ ಆದವರಿಗೆ ‘ಮೇಜು ಯಾಕೆ ಗಂಡು’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹುಡುಗಿ ನಪುಂಸಕ ಎಂಬ ‘ಡಾಸ್ ಮೇಡ್ಶೆನ್’ ಕೂಡ ಅವರಿಗೆ ಹೊಸದಲ್ಲ, ಕೊಂಕಣಿಯ ‘ಚೆಡುಂ’ ಸಹ ಹಾಗೇ. ಶಿರಸಿ ಸೀಮೆಯ ಹವ್ಯಕರಲ್ಲೂ ಅಮ್ಮನಿಗೆ ‘ಆಯಿ ಬಂತು’ ಅಂತಲೇ ಅಲ್ಲವೇ? ಆದರೆ ಲಿಂಗವನ್ನು ಕೊಂಕಣಿಯಿಂದ ಎತ್ತಿ ತರಬೇಡಿ. ಮನೆಗೆ ಕೊಂಕಣಿಯ ಘರ ಮತ್ತು ಜರ್ಮನ್‌ನ ಹೌಸ್ ಎರಡೂ ನಪುಂಸಕ ಆದದ್ದು ಕಾಕತಾಳೀಯ. ಬೆಕ್ಕು ಕೊಂಕಣಿಯಲ್ಲಿ ನಪುಂಸಕ, ಜರ್ಮನ್‌ನಲ್ಲಿ ‘ಡೀ ಕಾಟ್ಸೆ’, ಹೆಣ್ಣು. ಪ್ರತಿ ನಾಮಪದವನ್ನೂ ಆರ್ಟಿಕಲ್ ಮತ್ತು ಬಹುವಚನದ ಜೊತೆಗೇ ಬರೆಯಿರಿ. ಉಂಗ್, ಹೈಟ್, ಕೈಟ್ ಎಂದು ಮುಗಿಯುವವು ಹೆಣ್ಣು, ಶೆನ್ ಎಂದು ಮುಗಿಯುವ ಅಲ್ಪಾರ್ಥಕಗಳು ನಪುಂಸಕ. ಇವಕ್ಕೆ ಒಂದೊಂದು ನಿಯಮದ ಕಾರ್ಡು ಸಾಕು. ಲಿಂಗಕ್ಕೆ ಬಣ್ಣ ಕೊಡುವುದಾದರೆ ಹಿಂದುಗಡೆ ಮಾತ್ರ.

ಜರ್ಮನ್ ಶಬ್ದವನ್ನು ಕಾರ್ಡಿನಲ್ಲಿ ಜರ್ಮನ್ ಅಕ್ಷರದಲ್ಲೇ ಬರೆಯಿರಿ. ‘ಈಗಾಗಲೇ’ ಮತ್ತು ‘ಚಂದ’ ಎಂಬ ಎರಡು ಶಬ್ದಗಳು ಕನ್ನಡ ಲಿಪಿಗೆ ಇಳಿದರೆ ಎರಡೂ ‘ಶೋನ್’. ವ್ಯತ್ಯಾಸ ಇರುವುದು ಓ ಮೇಲಿನ ಎರಡು ಚುಕ್ಕೆಯಲ್ಲಿ, ಅದು ನಮ್ಮಲ್ಲಿ ಬರೆಯಲಾಗದ ಸ್ವರ.

ವಾಕ್ಯದ ಪದಕ್ರಮ ಅರ್ಧ ಪುಕ್ಕಟೆ. ‘ವೈಲ್’ (ಯಾಕೆಂದರೆ) ಬಂದ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ, ಕನ್ನಡದ ಹಾಗೆ. ಮುಖ್ಯವಾಕ್ಯದಲ್ಲಿ ಅದು ಎರಡನೇ ಸ್ಥಾನ ಬಿಟ್ಟು ಕದಲುವುದಿಲ್ಲ: ‘ಹೊಯ್ಟೆ ಫಾರೆ ಇಶ್ ನಾಖ್ ಕಾರವಾರ’, ಅಂದರೆ ‘ಇವತ್ತು ಕಾರವಾರಕ್ಕೆ ಹೋಗ್ತೇನೆ’.

ಸೆಟ್ಟಿಂಗ್: ದಿನಕ್ಕೆ 20 ಹೊಸ ಕಾರ್ಡು ಎಂದು ಮೊದಲೇ ಇರುತ್ತದೆ, ಅದನ್ನು 8ಕ್ಕೆ ಇಳಿಸಿ. ಹೊಸ ಕಾರ್ಡಿನ ಸುಮಾರು ಹತ್ತುಪಟ್ಟು ಪುನರಾವರ್ತನೆ ಕೆಲವೇ ವಾರಗಳಲ್ಲಿ ದಿನವೂ ಎದುರು ನಿಲ್ಲುತ್ತದೆ. 20 ಇಟ್ಟುಕೊಂಡವರು ಎರಡನೇ ತಿಂಗಳಿಗೆ ದಿನಕ್ಕೆ 200 ನೋಡಲಾಗದೆ ಆ್ಯಪ್ ಅಳಿಸುತ್ತಾರೆ. ಜರ್ಮನ್ ಪರೀಕ್ಷೆ ನಡೆಸುವ ಗೋಯೆಥೆ ಸಂಸ್ಥೆಯ ಎ1 ಪಟ್ಟಿಯಲ್ಲಿ ಇರುವುದು ಸುಮಾರು 650 ಶಬ್ದ. ದಿನಕ್ಕೆ 8ರಂತೆ ಮೂರು ತಿಂಗಳೊಳಗೆ ಮುಗಿಯುತ್ತದೆ. ಕಾರ್ಡನ್ನು ಮತ್ತೆ ಯಾವಾಗ ಕೇಳಬೇಕೆಂದು ನಿರ್ಧರಿಸುವ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರ ಆನ್ ಮಾಡಿ, ನೆನಪಿನ ಗುರಿ 90 ಪ್ರತಿಶತವೇ ಇರಲಿ. ಉತ್ತರ ನೋಡಿದ ಮೇಲೆ ಒತ್ತುವ ಗುಂಡಿಗಳಲ್ಲಿ ‘ಎಗೈನ್’ (ಮರೆತೆ), ‘ಗುಡ್’ (ನೆನಪಿತ್ತು) ಎರಡೇ ಸಾಕು. ಮರೆತದ್ದಕ್ಕೆ ನಾಚಿ ‘ಹಾರ್ಡ್’ ಒತ್ತುವುದು ಎಲ್ಲರೂ ಮಾಡುವ ತಪ್ಪು. ಆ್ಯಪ್ ಅದನ್ನು ‘ನೆನಪಿತ್ತು’ ಎಂದೇ ಬರೆದುಕೊಂಡು ಮುಂದಿನ ತಾರೀಕನ್ನು ದೂರ ತಳ್ಳುತ್ತದೆ. ಎಂಟು ಸಲ ತಪ್ಪಿದ ಕಾರ್ಡಿಗೆ ‘ಲೀಚ್’ ಎಂದು ಹಣೆಪಟ್ಟಿ ಹಚ್ಚುತ್ತದೆ, ಸೆಟ್ಟಿಂಗ್ ಹಾಗಿದ್ದರೆ ಬದಿಗೂ ಇಡುತ್ತದೆ. ಲೀಚ್ ಅಂದರೆ ಉಂಬಳ, ಮಳೆಗಾಲದ ಘಟ್ಟದವರಿಗೆ ವಿವರಿಸಬೇಕಾಗಿಲ್ಲ. ಅದನ್ನು ಹಾಗೇ ವಾಪಸ್ ತರಬೇಡಿ, ವಾಕ್ಯ ಬದಲಿಸಿ ಹೊಸದಾಗಿ ಬರೆಯಿರಿ.

ಇಂಟರ್ನೆಟ್ ಇಲ್ಲದೆ ಪೂರ್ತಿ ನಡೆಯುತ್ತದೆ. ಶಿರಸಿ ಬಸ್ಸು ದೇವಿಮನೆ ಘಾಟ್ ಹತ್ತುವಾಗ ಸಿಗ್ನಲ್ ಹೋದರೂ ಚಿಂತೆಯಿಲ್ಲ. ಉಚ್ಚಾರಣೆಗೆ ಫೋನಿನ ಜರ್ಮನ್ ಧ್ವನಿಯನ್ನು ವೈಫೈ ಇದ್ದಾಗ ಮೊದಲೇ ಇಳಿಸಿಡಿ. ಕಂಪ್ಯೂಟರ್ ಮತ್ತು ಫೋನ್ ಎರಡರಲ್ಲೂ ಬಳಸುವವರಿಗೆ ಒಂದು ಎಚ್ಚರ: ಕಾರ್ಡಿನ ಮಾದರಿ ಬದಲಿಸಿದರೆ ಸಿಂಕ್ (ಎರಡೂ ಕಡೆಯ ಕಾರ್ಡುಗಳನ್ನು ಸರಿಹೊಂದಿಸುವ) ವೇಳೆ ‘ಅಪ್‌ಲೋಡೋ ಡೌನ್‌ಲೋಡೋ’ ಎಂದು ಕೇಳಬಹುದು. ಆಯ್ಕೆ ತಪ್ಪಿದರೆ ಒಂದು ಕಡೆಯ ಕೆಲಸ ಹೋಯಿತೆಂದೇ ಲೆಕ್ಕ. ಮಾದರಿ ಬದಲಿಸುವ ಮುಂಚೆ ಎರಡೂ ಕಡೆ ಸಿಂಕ್ ಮಾಡಿ, ಬ್ಯಾಕಪ್ ಒಂದನ್ನು ಬೇರೆ ಕಡೆ ಇಡಿ.

5ರಲ್ಲಿ 1 ಅಂಕ ಕಡಿಮೆ ಮಾಡಿದ್ದು ಮಾತಿಗೆ ಮತ್ತು ಬರವಣಿಗೆಗೆ, ಅವೆರಡೂ ಕಾರ್ಡಿನಿಂದ ಮಾತ್ರ ಬರುವುದಿಲ್ಲ. ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಎ1 ಪರೀಕ್ಷೆಗೆ ಕೂತರೆ ಬರವಣಿಗೆಗೆ 20 ನಿಮಿಷ: ಒಂದು ಫಾರ್ಮ್ ತುಂಬಬೇಕು, ಸುಮಾರು 30 ಶಬ್ದದ ಚಿಕ್ಕ ಪತ್ರ ಬರೆಯಬೇಕು. ಅಲ್ಲಿ ಖಾಲಿ ಬಿಟ್ಟ ಆರ್ಟಿಕಲ್ ಯಾರೂ ಕೊಡುವುದಿಲ್ಲ. ವಾರಕ್ಕೆ ಎರಡು ಪತ್ರ ಕಾಗದದ ಮೇಲೆ ಬರೆದು, ಕ್ಲಾಸಿನಲ್ಲಿ ತಿದ್ದಿಸಿ, ಕೆಂಪು ಗೆರೆ ಬಿದ್ದ ವಾಕ್ಯವನ್ನೇ ಮರುದಿನದ ಕಾರ್ಡು ಮಾಡಿಕೊಳ್ಳಿ.